ಒಂದೂವರೆ ಚೀಲ

"ಕಾಕಾ, ಬರೇ ಜೋತು ಬಿದ್ರ ಆಗಲ್ರಿ, ಮ್ಯಾಲ ಏಳಬೇಕು."

ಇದನ್ನು ಹೇಳಿದ ಹುಡುಗನಿಗೆ 19 ಇದ್ದಿರಬಹುದು. ನನಗೆ 39. ಅಲ್ಲಿವರೆಗೂ ಹೊರಗಿನ ಹುಡುಗರು ನನ್ನನ್ನು ಅಣ್ಣಾ ಅಂತಿದ್ದರು. ಕಾಕಾ ಆಗಿದ್ದು ಅವತ್ತೇ, ಅದೂ ಕಬ್ಬಿಣದ ಪೈಪಿಗೆ ಒಣ ಹಾಕಿದ ಅಂಗಿ ಥರ ಜೋತು ಬಿದ್ದಿದ್ದಾಗ. 2024ರ ಜುಲೈ, ಬೆಳಿಗ್ಗೆ ಆರು ಗಂಟೆ. ರಾತ್ರಿ ಮಳೆ ಬಂದು ಮೈದಾನದ ಕರಿ ಮಣ್ಣು ಬೂಟಿಗೆ ಅಂಟುತ್ತಿತ್ತು. ಹಲ್ಲು ಕಚ್ಚಿದೆ, ಕಾಲು ಝಾಡಿಸಿದೆ, ಗದ್ದ ಮೇಲೆತ್ತಿದೆ. ಗದ್ದ ಒಂದಿಂಚು ಮೇಲೆ ಹೋಯಿತು ಅನಿಸಿತು, ಆದರೆ ಅದು ಕುತ್ತಿಗೆ ಉದ್ದ ಮಾಡಿದ್ದಕ್ಕೆ ಹೋಗಿದ್ದು, ಮೈ ಇದ್ದಲ್ಲೇ ಇತ್ತು. ಮೊಣಕೈ ಸುದ್ದಾ ಮಡಚಲಿಲ್ಲ. 11 ಸೆಕೆಂಡಿಗೆ ಕೈ ಜಾರಿತು.

ನಾನು ಕಲಬುರಗಿಯ ಧಾನ್ಯದ ಪೇಟೆ ನೆಹರೂ ಗಂಜಿನಲ್ಲಿ ಒಂದು ಅಡತ (ದಲಾಲಿ) ಅಂಗಡಿಯ ಮುನೀಮ. ಅಂದರೆ ತೊಗರಿ ಬರುತ್ತದೆ, ತೂಕ ಆಗುತ್ತದೆ, ಹೋಗುತ್ತದೆ, ನಾನು ಕೂತು ಬರೆಯುತ್ತೇನೆ. 16 ವರ್ಷದಿಂದ ಕೂತೇ ಇದ್ದೇನೆ. ಸಕ್ಕರೆ ಅಂಚಿಗೆ ಬಂದಿದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ್ದಕ್ಕೆ ಮನೆ ಹತ್ತಿರದ ಮೈದಾನ ಸುತ್ತಲು ಶುರು ಮಾಡಿದ್ದೆ. ಅಲ್ಲಿ ಮೂಲೆಯಲ್ಲಿ ಎರಡು ಕಂಬಕ್ಕೆ ಅಡ್ಡ ಪೈಪು. ಮಿಲಿಟರಿ ಭರ್ತಿಗೆ ತಯಾರಿ ಮಾಡೋ ಹುಡುಗರು ಓಡಿ ಬಂದು, ಉಸಿರು ಬಿಡೋಕೂ ನಿಲ್ಲದೆ, ಅದಕ್ಕೆ ಹಾರುತ್ತಿದ್ದರು. ಜೋತು ಬಿದ್ದು ಗದ್ದ ಪೈಪಿನ ಮೇಲೆ ಬರೋವರೆಗೆ ಮೈ ಎಳೆದು ಏಳೋದು, ಅವರ ಬಾಯಲ್ಲಿ ಅದು ಪುಲ್-ಅಪ್ ಅಲ್ಲ, ಬೀಮ್. "ಎಷ್ಟ್ ಬೀಮ್ ಹೊಡದಿ?" ಅಂತ ಕೇಳ್ತಾರೆ. ರ‍್ಯಾಲಿಯಲ್ಲಿ 10 ಹೊಡೆದರೆ 40 ಮಾರ್ಕ್ಸು. ಆರಕ್ಕೆ 16. ಐದಕ್ಕೆ ಮನೆಗೆ. ನನ್ನದು ಸೊನ್ನೆ, ಅದಕ್ಕೆ ಎಲ್ಲಿಗೆ ಕಳಿಸ್ತಾರೋ.

ಅವತ್ತು ಗಂಜಿಗೆ ಹೋಗಿ ಒಬ್ಬ ಹಮಾಲ ಕಾಕಾನಿಗೆ ಇದನ್ನು ಹೇಳಿದೆ. ನಮ್ಮ ಅಂಗಡಿಗೆ ನನಗಿಂತ ಮುಂಚೆ ಬಂದವರು, ವಯಸ್ಸು 55 ದಾಟಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ದ ತೂಕ ಎಷ್ಟದ ಮುನೀಮ್ರ?"

"78."

"ಒಂದೂವರಿ ಚೀಲ." ಬೀಡಿ ಆರಿಸಿದರು. "ಒಂದೂವರಿ ಚೀಲ ಬರೇ ಕೈಲಿಂದ ಜಗ್ತೀನಂದ್ರ ಬರ್ತದೇನ್ರಿ?"

ನಮ್ಮಲ್ಲಿ ಚೀಲ ಅಂದರೆ 50 ಕಿಲೋ. ವಾಸ್ತವ ನೋಡಿದರೆ ಅವರು ಹೇಳಿದ್ದು ಲೆಕ್ಕಕ್ಕೆ ಸರಿ ಇತ್ತು. ನಾನು ದಿನಾ ನೂರಾರು ಚೀಲ ಬರೆಯುತ್ತೇನೆ, ಒಂದನ್ನೂ ಎತ್ತಿಲ್ಲ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಟ ಅಂತೀರೋ, ಕಾಕಾ ಅನ್ನಿಸಿಕೊಂಡ ಸಿಟ್ಟು ಅಂತೀರೋ, ಮರುದಿನದಿಂದ ಶುರು ಮಾಡಿದೆ.

ಮೈದಾನಕ್ಕೆ ಫೌಜಿನಿಂದ ರಿಟೈರ್ ಆದ ಹವಾಲ್ದಾರ್ ಸಾಹೇಬ್ರು ಒಬ್ಬರು ಬರುತ್ತಾರೆ. ಹುಡುಗರಿಗೆ ದುಡ್ಡು ತಗೊಳ್ಳದೆ ಹೇಳಿಕೊಡ್ತಾರೆ, ಬೈಗುಳವೂ ಪುಕ್ಕಟೆ. ನಾನು ಎಗರಿ ಎಗರಿ ಒದ್ದಾಡೋದನ್ನು ಎರಡು ದಿನ ನೋಡಿ ಮೂರನೇ ದಿನ ಹತ್ತಿರ ಬಂದರು. "ಏಳೋದು ಆಮ್ಯಾಲ. ಮೊದಲ ಜೋತು ಬೀಳೋದು ಕಲೀರಿ."

ಜೋತು ಬೀಳೋಕೆ ಕಲಿಯೋದೇನಿದೆ ಅಂದುಕೊಂಡೆ. ಇದೆ. ನಾನು ಪೈಪನ್ನು ಅಂಗೈ ನಟ್ಟನಡುವೆ ಇಟ್ಟು ಮುಷ್ಟಿ ಕಟ್ಟುತ್ತಿದ್ದೆ. ಮೈಭಾರ ಬಿದ್ದ ಕೂಡಲೇ ಬೆರಳ ಬುಡದ ಚರ್ಮ ಮಡಿಕೆಯಾಗಿ ಪೈಪಿನ ಕೆಳಗೆ ಸಿಕ್ಕಿ ಹಿಂಡುತ್ತಿತ್ತು, ಅಲ್ಲೇ ಗುಳ್ಳೆ. ಅದರ ಬದಲು ಪೈಪು ಬೆರಳ ಬುಡಕ್ಕೇ ಕೂರುವ ಹಾಗೆ ಹಿಡಿದು ಹೆಬ್ಬೆರಳನ್ನು ಸುತ್ತ ಹಾಕಿದರೆ ಚರ್ಮ ಹಿಂಡಲ್ಲ, ಜಾಸ್ತಿ ಹೊತ್ತು ನಿಲ್ಲಬಹುದು. ಇಷ್ಟಕ್ಕೇ 11 ಸೆಕೆಂಡು 18 ಆಯಿತು, ಒಂದೇ ದಿನದಲ್ಲಿ, ಶಕ್ತಿ ಏನೂ ಬಂದಿರಲಿಲ್ಲ.

ಆಮೇಲೆ ಭುಜ. ಜೋತು ಬಿದ್ದಾಗ ನನ್ನ ಭುಜ ಎರಡೂ ಕಿವಿಗೆ ತಾಗುತ್ತಿದ್ದವು. ಮೊಣಕೈ ಮಡಚದೆ, ಬರೀ ಭುಜವನ್ನು ಕಿವಿಯಿಂದ ಕೆಳಗೆ ಎಳಕೊಳ್ಳಿ ಅಂದರು. ಹೇಗೆ? ಆ ಭಾಗಕ್ಕೆ ಹುಕುಂ ಕೊಡೋದೇ ನನಗೆ ಗೊತ್ತಿರಲಿಲ್ಲ. ಅವರು ನನ್ನ ಬೆನ್ನಿನ ಮೇಲೆ, ಕಂಕುಳಿನ ಹಿಂದೆ ಕೆಳಗಡೆ ಎರಡು ಬೆರಳಿಟ್ಟು ಒತ್ತಿದರು. "ಇಲ್ಲಿಂದ ಜಗ್ಗರಿ, ಕೈಲಿಂದ ಅಲ್ಲ." ನಾಲ್ಕನೇ ದಿನ ಏನೋ ಒಂದು ಅಲ್ಲಾಡಿತು. ಮೈ ಎರಡಿಂಚು ಮೇಲೆ ಬಂತು, ಕೈ ನೆಟ್ಟಗೇ ಇತ್ತು. ರೆಕ್ಕೆ ಥರ ಬೆನ್ನಿನ ಎರಡೂ ಬದಿಗೆ ಹರಡಿರೋ ದೊಡ್ಡ ಸ್ನಾಯು ಅದು, ಜಿಮ್ಮಿನವರು ಲ್ಯಾಟ್ಸ್ ಅಂತಾರೆ. ಪುಲ್-ಅಪ್‌ನಲ್ಲಿ ಮುಖ್ಯ ಕೆಲಸ ಅದರದ್ದು, ತೋಳಿನದ್ದು ಕೈಜೋಡಿಸೋ ಕೆಲಸ. ಇಷ್ಟು ದಿನ ನಾನು ಆಳನ್ನು ದುಡಿಸಿ ಯಜಮಾನನನ್ನು ಮಲಗಿಸಿದ್ದೆ.

ಮಳೆ ದಿನ ಮೈದಾನ ಕೆಸರು, ಅದಕ್ಕೆ ಮನೆ ಮಾಳಿಗೆ ಮೇಲೆ ನೀರಿನ ಟಾಕಿಯ ಕಂಬಗಳ ನಡುವೆ ಪೈಪು ಹಾಕಿಸಿದೆ. ವೆಲ್ಡಿಂಗ್‌ನವ "ಘಟ್ಟಿ ಇರ್ಲಿ ಸಾಹೇಬ್ರ" ಅಂತ ಎರಡಿಂಚಿನ ಪೈಪು ಬಡಿದುಕೊಟ್ಟ. ಆನೆ ಕಟ್ಟಬಹುದಿತ್ತು. ಆದರೆ ನನ್ನ ಹೆಬ್ಬೆರಳು ಸುತ್ತಿ ಬಂದು ಬೆರಳಿಗೆ ಮುಟ್ಟುತ್ತಲೇ ಇರಲಿಲ್ಲ. ಮೈದಾನದಲ್ಲಿ 25 ಸೆಕೆಂಡು ನಿಲ್ಲುತ್ತಿದ್ದವ ಇಲ್ಲಿ 9ಕ್ಕೆ ಬೀಳುತ್ತಿದ್ದೆ. ನನ್ನ ಶಕ್ತಿಯೇ ಹೋಯಿತು ಅಂತ ಒಂದು ವಾರ ಚಿಂತೆ ಮಾಡಿದೆ, ಕೊನೆಗೆ ಟೇಪು ಹಿಡಿದೆ. ಬಿಚ್ಚಿಸಿ ಒಂದಿಂಚಿನ ಜಿಐ ಪೈಪು ಹಾಕಿಸಿದೆ. ಒಂದಿಂಚು ಅನ್ನೋದು ಹೆಸರಿಗೆ, ಹೊರಗಿನ ಅಳತೆ ಸುಮಾರು 33 ಮಿಲಿಮೀಟರ್ ಇರುತ್ತದೆ, ಕೈಗೆ ಸರಿಯಾಗಿ ಕೂರುತ್ತದೆ. ಮನೆಯವಳು ಬಂದು ನೋಡಿ, "ಅರಿವಿ ಒಣ ಹಾಕ್ಲಿಕ್ಕ ಚಲೋ ಆತು ಬಿಡ್ರಿ" ಅಂದಳು. ಇವತ್ತಿಗೂ ಬೆಡ್‌ಶೀಟು ತೆಗೆದೇ ನಾನು ಜೋತು ಬೀಳಬೇಕು.

ಆಗಸ್ಟ್ ಪೂರ್ತಿ ಜೋತು ಬೀಳೋದು, ಭುಜ ಎಳೆಯೋದು, ಜೊತೆಗೆ ಸೊಂಟದ ಎತ್ತರದ ಇನ್ನೊಂದು ಪೈಪಿನ ಕೆಳಗೆ ಮಲಗಿದಂತೆ ಹಿಮ್ಮಡಿ ಊರಿ ಎದೆಯನ್ನು ಪೈಪಿಗೆ ಎಳೆಯೋದು. ಮೊದಲು 4, ತಿಂಗಳ ಕೊನೆಗೆ 12. ಹೇಳೋಕೆ ಅಷ್ಟೇ ಇರೋದು, ಮಾಡೋಕೆ ಬೇಜಾರಿನ ಕೆಲಸ. ಶುರುವಿನಲ್ಲಿ ಬೇಗ ಬೇಗ ಜಾಸ್ತಿ ಆಗೋದು ಸ್ನಾಯು ದಪ್ಪ ಆಗಿದ್ದಕ್ಕಲ್ಲ, ಇರೋ ಸ್ನಾಯುವನ್ನು ಮೆದುಳು ಕರೆಯೋಕೆ ಕಲಿಯೋದರಿಂದ. ಅದಕ್ಕೇ ಕನ್ನಡಿಯಲ್ಲಿ ಏನೂ ಕಾಣಲ್ಲ. ಮಗ ದಿನಾ ನನ್ನ ರಟ್ಟೆ ಹಿಸುಕಿ ನೋಡಿ "ಇನ್ನಾ ಬಂದಿಲ್ಲ ಪಪ್ಪಾ" ಅಂತಿದ್ದ.

ಸೆಪ್ಟೆಂಬರ್ ಬಂತು, ಏಳೋದು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಗಂಜಿನಲ್ಲಿ ಲಾರಿ ಖಾಲಿ ಮಾಡುತ್ತಿದ್ದರು. ನಾನು ಚೀಟಿ ಹಿಡಕೊಂಡು ನಿಂತಿದ್ದೆ. ಅದೇ ಹಮಾಲ ಕಾಕಾ ಬೆನ್ನು ಬಗ್ಗಿಸಿ ನಿಲ್ಲುತ್ತಾರೆ, ಲಾರಿ ಮೇಲಿಂದ ಇಬ್ಬರು ಹುಕ್ಕು ಹಾಕಿ ಚೀಲ ಎತ್ತಿ ಬೆನ್ನಿಗೆ ಕೊಡುತ್ತಾರೆ, ಅವರು ನಡೆದು ಹೋಗಿ ಥಪ್ಪಿ (ಚೀಲಗಳ ಒಟ್ಟಲು) ಹತ್ತಿರ ಮೊಣಕಾಲು ಮಡಚಿ, ಭುಜ ಓರೆ ಮಾಡಿ, ಚೀಲವನ್ನು ಮೆಲ್ಲಗೆ ಜಾರಿಸಿ ಕೂರಿಸುತ್ತಾರೆ. ಒಬ್ಬರೇ. ಸದ್ದೇ ಬರಲ್ಲ. ನೂರು ಸಲ ನೋಡಿದ್ದೆ, ಅವತ್ತು ಕೇಳಿದೆ: ಕಾಕಾ, ಎತ್ತೋಕೆ ಇಬ್ಬರು ಬೇಕು, ಇಳಿಸೋಕೆ ಒಬ್ಬರೇ ಸಾಕಾ? ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಇಳಿಸ್ಲಿಕ್ಕ ಯಾಕ ಬೇಕ್ರಿ ಇಬ್ಬರು?"

ಮರುದಿನ ಹವಾಲ್ದಾರ್ ಸಾಹೇಬ್ರು ಹೇಳಿದ್ದೂ ಇದನ್ನೇ, ನಾನೇ ಬಾಯಿ ಬಿಟ್ಟು ಕೇಳಿದ ಮೇಲೆ. ಸ್ನಾಯು ಎತ್ತುವಾಗ ತಡೆಯೋ ಭಾರಕ್ಕಿಂತ ಇಳಿಸುವಾಗ ಜಾಸ್ತಿ ತಡೆಯುತ್ತದೆ. ಹಾಗಾಗಿ ಏಳೋಕೆ ಬರದವನೂ ಇಳಿಯಬಹುದು. ಸ್ಟೂಲ್ ಮೇಲೆ ನಿಂತು, ಗದ್ದ ಪೈಪಿನ ಮೇಲೆ ಬರುವಂತೆ ಹಾರಿ ಹಿಡಿದು, ಕಾಲು ಬಿಟ್ಟು, ಸಾಧ್ಯ ಆದಷ್ಟು ನಿಧಾನ ಇಳಿಯೋದು. ಜಿಮ್ಮಿನಲ್ಲಿ ಇದಕ್ಕೆ ನೆಗೆಟಿವ್ ಅಂತಾರೆ. ನಾನು ಚೀಲ ಇಳಿಸೋದು ಅಂತಲೇ ಅಂದುಕೊಂಡೆ.

ಮೊದಲ ಸಲ ಇಳಿದೆ ಅನ್ನೋ ಮಾತೇ ಇಲ್ಲ. ಕಾಲು ಬಿಟ್ಟೆ, ಧಪ್ ಅಂತ ತೋಳು ನೆಟ್ಟಗಾಯಿತು, ಭುಜ ಕಿತ್ತು ಬಂದಂತಾಯಿತು. ಎರಡನೇದು ಒಂದು ಸೆಕೆಂಡು. ಐದು ಸಲ ಮಾಡಿ ಖುಷಿಯಿಂದ ಮನೆಗೆ ಹೋದೆ. ಮರುದಿನ ಸ್ವಲ್ಪ ನೋವು. ಅದರ ಮರುದಿನ ಬನಿಯನ್ ತೆಗೆಯೋಕೆ ಆಗಲಿಲ್ಲ. ಕೈ ತಲೆ ಮೇಲೆ ಹೋಗದೆ ಬನಿಯನ್ ಅರ್ಧದಲ್ಲಿ ಮುಖದ ಮೇಲೆ ನಿಂತಿತು, ಬಚ್ಚಲಲ್ಲಿ ಕುರುಡನ ಥರ ನಿಂತು ಮಗನನ್ನು ಕರೆದೆ. ಇಳಿಸುವ ಕೆಲಸದ ನೋವು ಹೀಗೇ, ಅದೇ ದಿನ ಬರಲ್ಲ, ಎರಡನೇ ದಿನ ಜೋರಾಗಿ ಬಂದು ಮೂರು ನಾಲ್ಕು ದಿನದಲ್ಲಿ ಹೋಗುತ್ತದೆ. ಎರಡನೇ ವಾರದಿಂದ ಅಷ್ಟು ಕಾಡಲಿಲ್ಲ. ಮೂರು ಸೆಕೆಂಡು, ನಾಲ್ಕು, ಆರು. ಇಳಿಯುವಾಗ ಮೈ ಎಲ್ಲಿ ಕೈ ಕೊಡುತ್ತದೆ ಅಂತ ಗೊತ್ತಾಗತೊಡಗಿತು: ಗದ್ದದಿಂದ ಮೂಗಿನವರೆಗೆ ಆರಾಮ, ಹಣೆ ಪೈಪಿನ ಮಟ್ಟಕ್ಕೆ ಬಂದಾಗ ನಡುಕ, ಅದಾದ ಮೇಲೆ ಪಾತಾಳ.

ಇಲ್ಲಿ ನಾನು ತಪ್ಪು ಮಾಡಿದೆ. ಹವಾಲ್ದಾರ್ ಸಾಹೇಬ್ರು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕೈದು ಇಳಿತ ಸಾಕು ಅಂದಿದ್ದರು. ನಾನು ಲೆಕ್ಕದವನು ಅಲ್ವಾ, ಮೂರು ದಿನಕ್ಕೆ ಇಷ್ಟು ಬಂದರೆ ಏಳು ದಿನಕ್ಕೆ ಎಷ್ಟು ಅಂತ ಗುಣಿಸಿದೆ. ಬೆಳಿಗ್ಗೆ ಮೈದಾನದಲ್ಲಿ, ರಾತ್ರಿ ಮಾಳಿಗೆ ಮೇಲೆ. ಅಕ್ಟೋಬರ್ ಮಧ್ಯದಲ್ಲಿ ಬಲ ಮೊಣಕೈ ಒಳಬದಿಯಲ್ಲಿ ಮೂಳೆ ಉಬ್ಬಿರೋ ಕಡೆ ಚುಳ್ ಅನ್ನೋಕೆ ಶುರುವಾಯಿತು. ಬಿಸಿ ಆದ ಮೇಲೆ ಹೋಗುತ್ತದೆ ಅಂತ ಬಿಟ್ಟೆ, ಹೋಗುತ್ತಲೂ ಇತ್ತು, ಆಮೇಲೆ ಹೋಗೋದು ನಿಂತಿತು. ತುಂಬಿದ ತಂಬಿಗೆ ಎತ್ತಿದರೆ ನೋವು, ಟವಲ್ ಹಿಂಡಿದರೆ ನೋವು, ಗಾಡಿ ಚಾವಿ ತಿರುವಿದರೂ ನೋವು. ದೀಪಾವಳಿಗೆ ಅಂಗಡಿ ಪೂಜೆಯಲ್ಲಿ ಎಡಗೈಲಿ ಕಾಯಿ ಒಡೆಯೋಕೆ ಹೋಗಿ ಬೈಸಿಕೊಂಡೆ.

ಫಿಸಿಯೋ ಹತ್ತಿರ ಹೋದರೆ ಇದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಾರೆ ಅಂದರು. ಗಾಲ್ಫ್ ಆಟವನ್ನು ನಾನು ಟಿವಿಯಲ್ಲೂ ಕೂತು ನೋಡಿದವನಲ್ಲ. ಅವರು ಹೇಳಿದ ಒಂದು ಮಾತು ಮೊದಲೇ ಗೊತ್ತಿದ್ದರೆ ಐದು ವಾರ ಉಳಿಯುತ್ತಿತ್ತು: ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರೋ ಟೆಂಡನ್ ಬಲಿಯೋದು ತಡ. ಅಂದರೆ ಎಳೆಯೋ ಎತ್ತು ದಪ್ಪ ಆಗಿದೆ, ಹಗ್ಗ ಹಳೇದೇ ಇದೆ. ಪೈಪು ಬಂದ್. ಒಂದು ಲೀಟರಿನ ನೀರಿನ ಬಾಟ್ಲಿ ಹಿಡಿದು, ಮುಂಗೈ ಟೇಬಲ್ ಮೇಲಿಟ್ಟು, ಅಂಗೈ ಮೇಲ್ಮುಖ ಮಾಡಿ, ಎಡಗೈಲಿ ಎತ್ತಿಕೊಟ್ಟು ಬಲಗೈಲಿ ನಿಧಾನ ಇಳಿಸೋದು. ನೋಡಿ, ಇಲ್ಲೂ ಇಳಿಸೋದೇ.

ಆ ಐದು ವಾರ ಮೈದಾನಕ್ಕೆ ಹೋಗಿ ಬರೀ ಸುತ್ತು ಹಾಕುತ್ತಿದ್ದೆ. ಹುಡುಗರು ಹೊಡೀತಿದ್ದರು, ನಾನು ಎಣಿಸುತ್ತಿದ್ದೆ. ಎಣಿಸೋದು ನನ್ನ ಕಸುಬೇ. ಕೈ ಪೂರ್ತಿ ನೆಟ್ಟಗಾಗದೆ ಮತ್ತೆ ಎದ್ದರೆ ನಾನು ಎಣಿಸುತ್ತಿರಲಿಲ್ಲ, ಅದಕ್ಕೆ ನನ್ನ ಮೇಲೆ ಸಿಟ್ಟು. "ಕಾಕಾ ಭಾಳ ಖಡಕ್ ಅದಾರ" ಅಂತ ಮಾತಾಡಿಕೊಂಡರು. ಒಂದೂ ಹೊಡೆಯೋಕೆ ಬರದವನ ಖಡಕ್ಕು.

ಇದೇ ಹೊತ್ತಿಗೆ ಊಟದ ಕಡೆ ಕಣ್ಣು ಹಾಯಿಸಿದೆ. ತೊಗರಿಗೆ ಜಿಐ ಗುರುತು (ಈ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕ ಊರು ನಮ್ಮದು, 2019ರಲ್ಲಿ ಸಿಕ್ಕಿದ್ದು, ದಿನವಿಡೀ ತೊಗರಿ ವಾಸನೆಯಲ್ಲೇ ಇರ್ತೀನಿ, ತಟ್ಟೆಯಲ್ಲಿ ಮಾತ್ರ ನಾಲ್ಕು ರೊಟ್ಟಿ, ಅನ್ನದ ಗುಡ್ಡ, ಅದರ ಮೇಲೆ ನೀರು ಬ್ಯಾಳಿ. 100 ಗ್ರಾಂ ಹಸಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಆದರೆ ನನ್ನ ಬಟ್ಟಲಿಗೆ ಬರ್ತಿದ್ದ ಬೇಳೆ ಎರಡು ಚಮಚ ಇದ್ದರೆ ಹೆಚ್ಚು. ಬ್ಯಾಳಿ ಗಟ್ಟಿ ಮಾಡಿಸಿದೆ, ರೊಟ್ಟಿ ಎರಡಕ್ಕೆ ಇಳಿಸಿದೆ, ಶೇಂಗಾ ಹಿಂಡಿ ಕಡಿಮೆ ಮಾಡೋಕೆ ನೋಡಿ ಸೋತೆ, ಬೆಳಿಗ್ಗೆ ಎರಡು ಮೊಟ್ಟೆ. ಡಿಸೆಂಬರ್ ಹೊತ್ತಿಗೆ ತೂಕ 75. ಮೂರು ಕಿಲೋ ಕಡಿಮೆ ಆದರೆ ಏಳುವಾಗ ಅಷ್ಟೂ ಉಳಿತಾಯ. ಇದಕ್ಕಿಂತ ಅಗ್ಗದ ಶಕ್ತಿ ಬೇರೆ ಇಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಪೈಪು ಹಿಡಿದೆ, ಈ ಸಲ ವಾರಕ್ಕೆ ಮೂರೇ ದಿನ, ಎರಡು ಇಳಿತದ ನಡುವೆ ಗಡಿಯಾರ ನೋಡಿ ಮೂರು ನಿಮಿಷ ರೆಸ್ಟು. ಮೂರು ನಿಮಿಷ ಸುಮ್ನೆ ಕೂರೋದು ಕಷ್ಟ ಅಂತ ಗೊತ್ತಾಗಿದ್ದು ಆಗಲೇ. ಆನ್‌ಲೈನ್‌ನಲ್ಲಿ ಒಂದು ರಬ್ಬರ್ ಬ್ಯಾಂಡೂ ತರಿಸಿದೆ, ಪೈಪಿಗೆ ಕಟ್ಟಿ ಅದರಲ್ಲಿ ಕಾಲಿಟ್ಟು ಏಳೋದು. ಹತ್ತು ಹೊಡೆದೆ! ವಿಡಿಯೋ ಮಾಡಿಸಿದೆ. ಬ್ಯಾಂಡ್ ತೆಗೆದರೆ ಮತ್ತೆ ಸೊನ್ನೆ. ರಬ್ಬರ್ ಜಾಸ್ತಿ ಎಳೆದಿರೋದು ಕೆಳಗಿದ್ದಾಗ, ಹಾಗಾಗಿ ಅದು ಜಾಸ್ತಿ ಎತ್ತಿಕೊಡೋದೂ ಕೆಳಗೇ. ನನಗೆ ಬರದೇ ಇದ್ದದ್ದೇ ಆ ಕೆಳಗಿನ ಭಾಗ. ಯಾರಿಗಾದರೂ ಅದು ಉಪಯೋಗ ಆಗಬಹುದು, ನನಗೆ ಆಗಲಿಲ್ಲ. ಈಗ ಅದರಲ್ಲಿ ಹಳೇ ಖಾತೆ ಪುಸ್ತಕ ಕಟ್ಟಿಟ್ಟಿದ್ದೇನೆ.

ಜನವರಿ ಅಂದರೆ ಗಂಜಿನಲ್ಲಿ ತೊಗರಿ ಸೀಸನ್. ಬೆಳಿಗ್ಗೆ ಎಂಟಕ್ಕೆ ಕೂತರೆ ರಾತ್ರಿ ಹತ್ತು. ವಾರಕ್ಕೆ ಎರಡೇ ದಿನ ಪೈಪು ಸಿಗುತ್ತಿತ್ತು, ಎಲ್ಲಾ ಹಾಳಾಯಿತು ಅಂದುಕೊಂಡೆ. ಆದರೆ ಆ ಎರಡು ದಿನವೇ ಚೆನ್ನಾಗಿ ಆಗತೊಡಗಿತು, ಇಳಿತ 10 ಸೆಕೆಂಡಿಗೆ ಹೋಯಿತು. ತಿಂಗಳ ಕೊನೆಗೆ ಒಂದು ಭಾನುವಾರ ಸುಮ್ನೆ ಅಂಗೈ ನನ್ನ ಕಡೆ ತಿರುಗಿಸಿ ಹಿಡಿದು ಎಳೆದೆ, ಎದ್ದುಬಿಟ್ಟೆ! ಗದ್ದ ಮೇಲೆ. ಕಿರುಚಿದೆ ಅಂತ ಕಾಣುತ್ತದೆ, ಪಕ್ಕದ ಮನೆಯವರು ಕಿಟಕಿ ತೆಗೆದರು. ಮರುದಿನ ಮೈದಾನದಲ್ಲಿ ತೋರಿಸಿದರೆ ಹುಡುಗರು ಚಪ್ಪಾಳೆ ಹೊಡೆದರು, ಹವಾಲ್ದಾರ್ ಸಾಹೇಬ್ರು ಮಾತ್ರ "ಉಲ್ಟಾ ಆತು, ಈಗ ಸೀದಾ ಹೊಡೀರಿ" ಅಂದರು. ಇದು ಚಿನ್-ಅಪ್. ಅಂಗೈ ನಮ್ಮ ಕಡೆ ಇದ್ದರೆ ರಟ್ಟೆಯ ಮುಂಭಾಗದ ಬೈಸೆಪ್ಸಿಗೆ ಎಳೆಯೋಕೆ ಅನುಕೂಲ, ಹಾಗಾಗಿ ಸ್ವಲ್ಪ ಸುಲಭ. ಅಂಗೈ ಆಚೆ ಇದ್ದರೆ ಪುಲ್-ಅಪ್. ನಾನು ಹಿಡಿದ ಹಟ ಅದರದ್ದು.

ಸೀದಾ ಹಿಡಿದರೆ ಹಣೆ ಪೈಪಿನ ಮಟ್ಟಕ್ಕೆ ಬರುತ್ತಿತ್ತು, ಅಲ್ಲಿ ನಿಲ್ಲುತ್ತಿತ್ತು. ಫೆಬ್ರವರಿ ಪೂರ್ತಿ ಅಲ್ಲೇ. ಪೈಪಿನ ಮೇಲಿನ ಒಂದು ತುಕ್ಕಿನ ಕಲೆ ನನ್ನ ಹುಬ್ಬಿನ ಎದುರಿಗೆ ಬರುತ್ತಿತ್ತು, ಹುಣಸೆಬೀಜದಷ್ಟು ಅಗಲ, ಒಂದು ಬದಿ ಪೇಂಟು ಎದ್ದಿದೆ. ಅದನ್ನು ಎಷ್ಟು ನೋಡಿದ್ದೇನೆ ಅಂದರೆ ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಅದನ್ನು ದಾಟೋಕೆ ಮಾಡಿದ್ದು ಒಂದೇ: ಇಳಿಯುವಾಗ ಆ ಕಲೆ ಹುಬ್ಬಿಗೆ ಬಂದ ಕೂಡಲೇ ನಿಲ್ಲೋದು. ಐದು ಎಣಿಸಿ ಆಮೇಲೆ ಮುಂದೆ ಇಳಿಯೋದು. ಮೈಯೆಲ್ಲ ನಡುಗುತ್ತದೆ, ಹೊಟ್ಟೆ ಸುದ್ದಾ.

ಶರಣಬಸಪ್ಪನ ಜಾತ್ರೆ ಮುಗಿದು ನಾಲ್ಕೈದು ದಿನ ಆಗಿತ್ತು, ಮಾರ್ಚ್ ಕೊನೆ ವಾರ. ಬೆಳಿಗ್ಗೆ ಒಂಬತ್ತು ದಾಟಿದರೆ ಮಾಳಿಗೆ ಮೇಲಿನ ಪೈಪು ಮುಟ್ಟೋಕೆ ಆಗಲ್ಲ ಅಷ್ಟು ಕಾಯುತ್ತದೆ, ಅದಕ್ಕೆ ಆರಕ್ಕೇ ಹತ್ತಿದೆ. ಬೆಡ್‌ಶೀಟ್ ಸರಿಸಿದೆ. ಎರಡು ದಿನ ಏನೂ ಮಾಡಿರಲಿಲ್ಲ, ಜಾತ್ರೆಯ ಸುತ್ತಾಟಕ್ಕೆ ಬಂದ ನೆಂಟರನ್ನು ಬಸ್ಸಿಗೆ ಬಿಡೋದರಲ್ಲೇ ಹೋಗಿತ್ತು. ಜೋತು ಬಿದ್ದೆ, ಭುಜ ಕೆಳಗೆ ಎಳೆದೆ, ಮೊಣಕೈಯನ್ನು ಪ್ಯಾಂಟಿನ ಜೇಬಿಗೆ ಹಾಕೋ ಹಾಗೆ ಕೆಳಗೆ ಒತ್ತಿದೆ. ತುಕ್ಕಿನ ಕಲೆ ಹುಬ್ಬಿಗೆ ಬಂತು. ನಿಂತಿತು. ಆಮೇಲೆ ಕಣ್ಣಿಗೆ ಬಂತು, ಮೂಗಿಗೆ ಬಂತು, ಆಮೇಲೆ ಕಾಣಲಿಲ್ಲ. ಕಂಡದ್ದು ಪಕ್ಕದ ಮನೆ ಮಾಳಿಗೆ, ಅಲ್ಲಿ ಒಣ ಹಾಕಿದ್ದ ಮೆಣಸಿನಕಾಯಿ. ಪೈಪಿನ ಮೇಲಿಂದ ಅದನ್ನು ನೋಡಿದ್ದು ಅದೇ ಮೊದಲು. ರೂಢಿಗೆ ಬಿದ್ದ ಮೈ, ನಿಧಾನವಾಗಿಯೇ ಇಳಿಯಿತು.

ಇನ್ನೊಂದಕ್ಕೆ ನೋಡಿದೆ, ಹುಬ್ಬಿನವರೆಗೆ ಬಂದು ನಿಂತಿತು.

ಗಂಜಿಗೆ ಹೋದವನೇ ಹಮಾಲ ಕಾಕಾನನ್ನು ಹುಡುಕಿದೆ. ಥಪ್ಪಿ ನೆರಳಲ್ಲಿ ಚಹಾ ಕುಡೀತಿದ್ದರು.

"ಕಾಕಾ, ಒಂದೂವರಿ ಚೀಲ ಎತ್ತಿದೆ." ಆವತ್ತು ತೂಕ 74 ಇತ್ತು, ಚಿಲ್ಲರೆ ಲೆಕ್ಕ ಹೇಳಲಿಲ್ಲ.

"ಹೌದಾ? ಎಷ್ಟ್ ಮ್ಯಾಲ ಎತ್ತಿದ್ರಿ?"

ಯೋಚನೆ ಮಾಡಿದೆ. ಕೈ ನೆಟ್ಟಗಿದ್ದಲ್ಲಿಂದ ಗದ್ದ ಪೈಪಿನವರೆಗೆ. "ಎರಡ ಫೂಟ್."

ಅವರು ಎದುರಿಗೆ ನಿಂತಿದ್ದ ಲಾರಿ ನೋಡಿದರು, ನನ್ನನ್ನು ನೋಡಿದರು, ಚಹಾ ಒಂದು ಗುಟುಕು ಕುಡಿದರು.

"ಲಾರಿ ನಾಕ ಫೂಟ್ ಅದ, ಮುನೀಮ್ರ."